ತಲೆನೋವಿಗೆ ಕ್ರೇನಿಯೋಸೇಕ್ರಲ್: ಪುಣೆಯಲ್ಲಿ ಯಾರಾದರೂ ಮಾಡಿಸಿಕೊಂಡಿದ್ದೀರಾ?

ಕೊತ್ರೂಡ್ ಕಮಲಿ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕು, ನಗಬೇಡಿ.

ನನಗೆ ಎರಡು ವರ್ಷದಿಂದ ತಲೆನೋವು. ಹಿಂಜವಡಿಗೆ ಹೋಗಿ ಬರುವುದರಲ್ಲೇ ದಿನಕ್ಕೆ ಮೂರು ಗಂಟೆ ಹೋಗುತ್ತದೆ. ಚಾಂದಣಿ ಚೌಕ ದಾಟುವಷ್ಟರಲ್ಲಿ ಕತ್ತಿನ ಹಿಂದೆ ಶುರುವಾಗುತ್ತದೆ. ವಾಕಡ್ ಹತ್ತಿರ ಬರುವಾಗ ಹಣೆಗೆ ಯಾರೋ ಬಿಗಿಯಾಗಿ ಬಟ್ಟೆ ಕಟ್ಟಿದ ಹಾಗೆ. ಕಣ್ಣು ತೋರಿಸಿದೆ, ನಂಬರ್ ಸರಿ ಇದೆ. ಬಿಪಿ ಸರಿ ಇದೆ. ಡಾಕ್ಟರು ಐದು ನಿಮಿಷ ನೋಡಿ "ಟೆನ್ಶನ್ ಮಾಡ್ಕೋಬೇಡಿ" ಎಂದರು. ಅಷ್ಟು ಸುಲಭವಾಗಿದ್ದರೆ ಮಾಡಿಕೊಳ್ಳುತ್ತಲೇ ಇರಲಿಲ್ಲ, ಅಲ್ವಾ?

ನಮ್ಮ ಆಫೀಸಿನ ಒಬ್ಬಳು ಕೋರೆಗಾಂವ್ ಪಾರ್ಕಿನಲ್ಲಿ ಕ್ರೇನಿಯೋಸೇಕ್ರಲ್ ಥೆರಪಿ ಮಾಡಿಸಿಕೊಳ್ಳುತ್ತಾಳೆ. ಒತ್ತುವುದೂ ಇಲ್ಲ, ತಿಕ್ಕುವುದೂ ಇಲ್ಲ, ಎಣ್ಣೆಯೂ ಇಲ್ಲ. ಬಟ್ಟೆ ಹಾಕಿಕೊಂಡೇ ಮಲಗಬೇಕು. ಅವರು ತಲೆಗೆ, ಟೊಂಕಕ್ಕೆ ಸುಮ್ನೆ ಕೈ ಇಡುತ್ತಾರಂತೆ. ಒಂದು ಸಲಕ್ಕೆ ಎರಡೂವರೆ ಸಾವಿರ. ನಮ್ಮ ಯಜಮಾನರು ಹೇಳಿದ್ದು: "ಬರೀ ಕೈ ಇಡೋಕೆ ಎರಡೂವರೆ ಸಾವಿರವಾ? ನಾನು ಐನೂರಕ್ಕೆ ಇಡ್ತೀನಿ."

ಇದರಲ್ಲಿ ನಿಜವಾಗಿ ಏನಾದರೂ ಇದೆಯಾ?

ಸ್ವಾರಗೇಟ್ ಸೀನ

ಕೋರೆಗಾಂವ್ ಪಾರ್ಕ್ ಎಂದಮೇಲೆ ಕೇಳಬೇಕಾ ಅಕ್ಕಾ, ಅಲ್ಲಿ ಗಾಳಿಗೂ ಬಿಲ್. ಆ ದುಡ್ಡಲ್ಲಿ ಹುಬ್ಬಳ್ಳಿಗೆ ಹೋಗಿ, ಅಮ್ಮನ ಕೈಲಿ ಎಣ್ಣೆ ತಿಕ್ಕಿಸಿಕೊಂಡು, ಮಿರ್ಚಿ ಭಜಿ ತಿಂದು ವಾಪಸ್ ಬರಬಹುದು.

ಪಿಂಪ್ರಿ ಫಿಸಿಯೋ

ಸೀನ, ಸ್ವಲ್ಪ ಇರಿ. ಕಮಲಿ ಮೇಡಂ ನೇರವಾಗಿ ಕೇಳಿದ್ದಾರೆ, ನೇರವಾಗಿ ಹೇಳುತ್ತೇನೆ. ನಾನು ಹನ್ನೊಂದು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಕ್ರೇನಿಯೋಸೇಕ್ರಲ್ ಮಾಡುವುದಿಲ್ಲ.

ಕ್ರೇನಿಯಂ ಎಂದರೆ ತಲೆಬುರುಡೆ. ಸೇಕ್ರಂ ಎಂದರೆ ಬೆನ್ನುಮೂಳೆಯ ಬುಡದಲ್ಲಿ ಐದು ಮೂಳೆ ಒಂದಾಗಿ ಬೆಸೆದ ತ್ರಿಕೋನ. ಈ ಎರಡರ ನಡುವೆ ಮೆದುಳು, ಬೆನ್ನುಹುರಿ. ಅವಕ್ಕೆ ಸುತ್ತಿದ ಗಟ್ಟಿ ಪೊರೆ, ಒಳಗೆ ತಿಳಿನೀರಿನಂಥ ದ್ರವ. ದೊಡ್ಡವರಲ್ಲಿ ಈ ದ್ರವ ಸುಮಾರು 150 ಮಿಲಿ ಇರುತ್ತದೆ. ದಿನಕ್ಕೆ 500 ಮಿಲಿಯಷ್ಟು ಹೊಸದಾಗಿ ಹುಟ್ಟುತ್ತದೆ, ಹಳೆಯದು ರಕ್ತಕ್ಕೆ ಸೇರುತ್ತದೆ. ಇಲ್ಲಿಯವರೆಗೆ ಯಾರದ್ದೂ ತಕರಾರಿಲ್ಲ.

ತಕರಾರು ಮುಂದಿನದು. ವಿಲಿಯಂ ಸದರ್ಲ್ಯಾಂಡ್ ಎಂಬ ಅಮೆರಿಕದ ಆಸ್ಟಿಯೋಪಥ್ (ಮೂಳೆ, ಕೀಲು, ಮಾಂಸಖಂಡಗಳಿಗೆ ಕೈಯಿಂದಲೇ ಚಿಕಿತ್ಸೆ ಮಾಡುವವ) ಓದುವ ಕಾಲದಲ್ಲಿ ಒಂದು ತಲೆಬುರುಡೆ ನೋಡುತ್ತಾ ನಿಂತಿದ್ದನಂತೆ. ಕಿವಿ ಹತ್ತಿರದ ಮೂಳೆಯ ಅಂಚು ಮೀನಿನ ಕಿವಿರಿನ ಹಾಗೆ ಓರೆಯಾಗಿದೆ, ಹಾಗಾದರೆ ಇದೂ ಉಸಿರಾಡುತ್ತಿರಬೇಕು ಎಂದು ಅವನಿಗೆ ಹೊಳೆಯಿತು. ತನ್ನ ತಲೆಗೇ ಪಟ್ಟಿ ಬಿಗಿದು ಪ್ರಯೋಗ ಮಾಡಿಕೊಂಡ. 1939ರಲ್ಲಿ ಪುಸ್ತಕ ಬರೆದ. ಆಮೇಲೆ ಜಾನ್ ಅಪ್ಲೆಡ್ಜರ್ ಬಂದ. 1970ರ ಸುಮಾರಿಗೆ ಒಂದು ಕತ್ತಿನ ಆಪರೇಶನ್ನಿನಲ್ಲಿ ಬೆನ್ನುಹುರಿಯ ಪೊರೆಯನ್ನು ಅಲುಗದಂತೆ ಹಿಡಿದುಕೊಳ್ಳುವ ಕೆಲಸ ಇವನದು. ಎಷ್ಟು ಹಿಡಿದರೂ ಅದು ತನ್ನದೇ ಲಯದಲ್ಲಿ ಏರಿ ಇಳಿಯುತ್ತಿತ್ತು, ಉಸಿರಿಗೂ ಸೇರದೆ ಎದೆಬಡಿತಕ್ಕೂ ಸೇರದೆ, ಎಂದು ಹೇಳಿದ. ಈಗ ನೀವು ಕೇಳುವ ಕ್ರೇನಿಯೋಸೇಕ್ರಲ್ ಹೆಚ್ಚಾಗಿ ಅವನ ದಾರಿಯದು. 1985ರಲ್ಲಿ ಫ್ಲಾರಿಡಾದಲ್ಲಿ ಸಂಸ್ಥೆ ಕಟ್ಟಿ ಇದನ್ನು ಆಸ್ಟಿಯೋಪಥಿಯ ಹೊರಗಿನವರಿಗೂ ಕಲಿಸಿದ. ಅದಕ್ಕೇ ಇಷ್ಟು ಹರಡಿತು.

ಅವರ ಲೆಕ್ಕದಲ್ಲಿ ಆ ಲಯ ನಿಮಿಷಕ್ಕೆ 6ರಿಂದ 12 ಸಲ. ಮುಟ್ಟುವುದು 5 ಗ್ರಾಂ ಭಾರದಷ್ಟು ಹಗುರವಾಗಿ.

ನಮ್ಮ ಕಡೆಯ ಉತ್ತರ: ದ್ರವ ಅಲುಗುವುದು ನಿಜ, ಎಂಆರ್‌ಐಯಲ್ಲಿ ಕಾಣುತ್ತದೆ. ಆದರೆ ಅದು ಎದೆಬಡಿತ ಮತ್ತು ಉಸಿರಾಟದ ಜೊತೆ ಅಲುಗುತ್ತದೆ. ಮೂರನೆಯದೊಂದು ಲಯವನ್ನು ಕೈಯಿಂದ ಹಿಡಿಯಬಹುದು ಎನ್ನುವುದು ಪರೀಕ್ಷೆಯಲ್ಲಿ ನಿಂತಿಲ್ಲ. 1994ರಲ್ಲಿ 12 ಜನರನ್ನು ಮೂವರು ಥೆರಪಿಸ್ಟರೂ ಮುಟ್ಟಿ ಲಯ ಎಣಿಸಿದರು. ಮೂವರ ಎಣಿಕೆಗೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಒಂದೇ ನಾಡಿಯನ್ನು ಮೂವರು ನರ್ಸ್‌ಗಳು ಹಿಡಿದು 60, 85, 110 ಎಂದರೆ ನೀವು ಏನು ಹೇಳುತ್ತೀರಿ? ಇದು ಹೆಚ್ಚುಕಡಿಮೆ ಹಾಗೆ.

ದೊಡ್ಡವರ ತಲೆಬುರುಡೆಯ ಮೂಳೆಗಳು ಹಲ್ಲುಹಲ್ಲಾಗಿ ಕಚ್ಚಿಕೊಂಡಿರುತ್ತವೆ. 5 ಗ್ರಾಂ ಭಾರಕ್ಕೆ ಅವು ಜರುಗುವುದಿಲ್ಲ.

ಉಡುಪಿ ಮಾಣಿ

ನಾನು ಇದನ್ನು ಕಲಿತವನು. ಈಗ ಬೈಯಬಹುದು.

ಅಪ್ಪನ ಹೋಟೆಲು ಕ್ಯಾಂಪಿನಲ್ಲಿತ್ತು. ದುಡ್ಡಿನ ಕೌಂಟರಿನಲ್ಲಿ ಕೂತು ಕೂತು ನನ್ನ ಸೊಂಟ ಹಿಡಿದಿತ್ತು. ಬೆಳಿಗ್ಗೆ ಇಡ್ಲಿ ತಿನ್ನಲು ಬರುತ್ತಿದ್ದ ಒಬ್ಬ ಇಟಲಿಯವರು ಕೋರೆಗಾಂವ್ ಪಾರ್ಕಿನಲ್ಲಿ ಕ್ರೇನಿಯೋ ಮಾಡುತ್ತಿದ್ದರು. ಪುಣೆಗೆ ಇದು ಹೇಗೆ ಬಂತು ಎಂದು ಕೇಳಿದರೆ ಉತ್ತರ ಅಲ್ಲೇ ಇದೆ. 1974ರಲ್ಲಿ ಓಶೋ ಅಲ್ಲಿ ಆಶ್ರಮ ಮಾಡಿದ ಮೇಲೆ ಪರದೇಶದ ಥೆರಪಿಗಳೆಲ್ಲ ಆ ಆಲದ ಮರಗಳ ಕೆಳಗೆ ಬಂದು ಇಳಿದವು. ಕ್ರೇನಿಯೋ ತರಬೇತಿಯೂ ಅಲ್ಲಿ ನಡೆದಿದೆ. ಗೋವಾದ ಮಾಂದ್ರೆ, ಆರಂಬೋಲ್ ಕಡೆ ಚಳಿಗಾಲದಲ್ಲಿ ಬೋರ್ಡ್ ನೇತಾಡುವುದು ಇವರ ನೆಂಟರದ್ದೇ.

ಫಿಸಿಯೋ ಸರ್ ಹೇಳಿದ ಎಣಿಕೆ ವಿಷಯ ನನಗೆ ತರಗತಿಯಲ್ಲೇ ಗೊತ್ತಾಯಿತು. ಒಬ್ಬ ಮಲಗಿದ್ದ. ನಾನು ಪಾದ ಹಿಡಿದಿದ್ದೆ, ಒಬ್ಬಳು ತಲೆ, ಇನ್ನೊಬ್ಬ ತೊಡೆ. ಕಣ್ಣು ಮುಚ್ಚಿ, ಲಯ ಹಿಗ್ಗಿದಾಗ ಗಲ್ಲ ಎತ್ತಬೇಕು. ನಾನು ಕಳ್ಳತನದಿಂದ ಕಣ್ಣು ತೆರೆದೆ. ಮೂವರ ಗಲ್ಲವೂ ಬೇರೆ ಬೇರೆ ಹೊತ್ತಿಗೆ ಏಳುತ್ತಿತ್ತು. ಗುರುಗಳನ್ನು ಕೇಳಿದೆ. "ದೇಹದ ಬೇರೆ ಬೇರೆ ಭಾಗ ಬೇರೆ ಬೇರೆ ಮಾತಾಡುತ್ತದೆ" ಎಂದರು. ಒಳ್ಳೆ ಮಾತು. ಉತ್ತರ ಅಲ್ಲ.

ಹಾಗಾದರೆ ಯಾಕೆ ಮಾಡುತ್ತೇನೆ? ಜನ ಮಲಗುತ್ತಾರೆ ಸರ್. ಶನಿವಾರ ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕೂ ಜಾಸ್ತಿ ಜನ ಹದಿನೈದು ನಿಮಿಷಕ್ಕೆ ಗೊರಕೆ ಹೊಡೆಯುತ್ತಾರೆ. ಮೊದಲೇ ಹೇಳಿಬಿಡುತ್ತೇನೆ: ನಾನು ಡಾಕ್ಟರಲ್ಲ, ಮೂಳೆ ಸರಿಸುವುದಿಲ್ಲ, ಯಾವ ರೋಗವನ್ನೂ ವಾಸಿ ಮಾಡುವುದಿಲ್ಲ. ತಲೆಗೆ ಪೆಟ್ಟು ಬಿದ್ದವರು, ಸ್ಟ್ರೋಕ್ ಆದವರು, ಮೆದುಳಲ್ಲಿ ರಕ್ತನಾಳ ಉಬ್ಬಿದೆ ಎಂದವರು ಬಂದರೆ ಮುಟ್ಟುವುದೇ ಇಲ್ಲ. ಅದು ನಮಗೆ ಕಲಿಸಿದ್ದೇ.

ಪಿಂಪ್ರಿ ಫಿಸಿಯೋ

ಮಾಣಿಯವರೇ, ನಿಮ್ಮಷ್ಟು ಪ್ರಾಮಾಣಿಕವಾಗಿ ಎಲ್ಲರೂ ಹೇಳಿದರೆ ನನಗೆ ಜಗಳವೇ ಇಲ್ಲ. "ನಿಮ್ಮ ಮಗುವಿನ ಆಟಿಸಂ ಹೋಗುತ್ತದೆ" ಎನ್ನುವವರ ಜೊತೆ ನನ್ನ ಜಗಳ.

ನಿಮ್ಮ ಪರವಾಗಿಯೂ ಒಂದು ಹೇಳಬೇಕು. 2016ರಲ್ಲಿ ಜರ್ಮನಿಯಲ್ಲಿ ಹಳೆಯ ಕತ್ತುನೋವಿನ 54 ಜನರ ಮೇಲೆ ಒಂದು ಪ್ರಯೋಗ ಬಂತು. ಅರ್ಧ ಜನಕ್ಕೆ ಕ್ರೇನಿಯೋ, ಅರ್ಧ ಜನಕ್ಕೆ ಸುಮ್ನೆ ಹಗುರವಾಗಿ ಮುಟ್ಟುವುದು. ಕ್ರೇನಿಯೋದವರಿಗೆ ನೋವು ಜಾಸ್ತಿ ಇಳಿಯಿತು. ಆದರೆ 2024ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಮುಟ್ಟುವವರಿಗೆ ತಾವು ಯಾವುದು ಮಾಡುತ್ತಿದ್ದೇವೆಂದು ಗೊತ್ತೇ ಇರುತ್ತದೆ. ಮಾತ್ರೆಯ ಪ್ರಯೋಗದಲ್ಲಿ ಯಾವುದು ಅಸಲಿ, ಯಾವುದು ನಕಲಿ ಎಂದು ಮುಚ್ಚಿಡುವ ಹಾಗೆ ಇಲ್ಲಿ ಪೂರ್ತಿ ಮುಚ್ಚಿಡಲು ಆಗುವುದಿಲ್ಲ, ಅದೇ ಕಷ್ಟ.

ಸ್ವಾರಗೇಟ್ ಸೀನ

5 ಗ್ರಾಂ ಎಂದರೆ ಎಷ್ಟು ಎಂದು ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ನೋಡಿದೆ. ಹಳೇ ಎರಡು ರೂಪಾಯಿ ನಾಣ್ಯ ಒಂದು ಹೆಚ್ಚುಕಡಿಮೆ ಅಷ್ಟಿದೆ. ಹಣೆ ಮೇಲೆ ಇಟ್ಟುಕೊಂಡು ಐದು ನಿಮಿಷ ಮಲಗಿದೆ. ತಣ್ಣಗಿತ್ತು, ಆಮೇಲೆ ಗೊತ್ತೇ ಆಗಲಿಲ್ಲ. ಕೆಲಸದ ಹುಡುಗ ಬಂದು ನೋಡಿ ಹೆದರಿದ. ಹಣೆಗೆ ನಾಣ್ಯ ಯಾವಾಗ ಇಡುತ್ತಾರೆ ಎಂದು ನಿಮಗೆ ಗೊತ್ತಲ್ಲ!

ಸುಮತಿ ಆಂಟಿ

ಥೂ, ಬಿಡ್ತು ಅನ್ನೋ ಸೀನಾ!

ಕಮಲೀ, ನನಗೆ ಈ ಇಂಗ್ಲಿಷ್ ಹೆಸರು ಬಾಯಿಗೆ ಬರುವುದಿಲ್ಲ. ಆದರೆ ತಲೆಯ ಮೂಳೆ ಅಲುಗುತ್ತದೆ ಎಂದರೆ ನನಗೆ ನೆನಪಾಗುವುದು ಕೂಸಿನ ನೆತ್ತಿ. ಎಷ್ಟು ಕೂಸಿಗೆ ನೀರು ಹಾಕಿದ್ದೇನೆ ಈ ಕೈಯಲ್ಲಿ! ಹರಳೆಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ನೆತ್ತಿ ಮೇಲೆ ಇಟ್ಟರೆ ಕೆಳಗೆ ಟಕ್ ಟಕ್ ಎಂದು ಕುಣಿಯುವುದು ಕೈಗೆ ಗೊತ್ತಾಗುತ್ತದೆ. ಕೂಸು ಸುಮ್ಮನಾಗುತ್ತದೆ, ತುಟಿ ಚಪ್ಪರಿಸುತ್ತದೆ, ನಿದ್ದೆ. ನಮ್ಮತ್ತೆ ನೆತ್ತಿ ನೋಡಿಯೇ ಹೇಳುತ್ತಿದ್ದರು. ಗುಳಿ ಬಿದ್ದಿದ್ದರೆ "ಕೂಸಿಗೆ ನೀರು ಕಡಿಮೆಯಾಗಿದೆ, ಹಾಲು ಕುಡಿಸು" ಅಂತ.

ಇಲ್ಲಿ ಪುಣೆಯಲ್ಲಿ ಮಾಲೀಶು ಮಾಡುವ ಹೆಂಗಸು ಬರುತ್ತಾಳೆ. ನನ್ನ ಮೊಮ್ಮಗನ ತಲೆ ದುಂಡಗಾಗಲಿ ಅಂತ ಎರಡೂ ಕೈಯಿಂದ ಒತ್ತುತ್ತಿದ್ದಳು. ನಮ್ಮೂರಲ್ಲಿ ರಾಗಿ ದಿಂಬು ಇಡುತ್ತಿದ್ದೆವು, ಇವರದು ಸಾಸಿವೆ ದಿಂಬು. ಡಾಕ್ಟರಮ್ಮ ನೋಡಿ ನನ್ನನ್ನೂ ಆ ಹೆಂಗಸನ್ನೂ ಒಟ್ಟಿಗೆ ಬೈದರು.

ಪಿಂಪ್ರಿ ಫಿಸಿಯೋ

ಆಂಟಿ, ನಿಮ್ಮತ್ತೆಗೆ ನಮಸ್ಕಾರ. ನೆತ್ತಿ ಗುಳಿ ಬಿದ್ದರೆ ಮೈಯಲ್ಲಿ ನೀರು ಕಡಿಮೆ ಎನ್ನುವುದನ್ನು ಡಾಕ್ಟರೂ ಹಾಗೇ ನೋಡುತ್ತಾರೆ. ಉಬ್ಬಿ ಬಿಗಿದಿದ್ದು, ಜ್ವರವೋ ವಾಂತಿಯೋ ಇದ್ದರೆ ಕೂಡಲೇ ಆಸ್ಪತ್ರೆ. ಕೈಗೆ ಸಿಗುವ ಟಕ್ ಟಕ್ ಎದೆಬಡಿತದ್ದು. ತಲೆಯ ಮುಂಭಾಗದ ನೆತ್ತಿ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ಎಣ್ಣೆ ಇಡಿ, ಒತ್ತಬೇಡಿ.

ವಾಕಡ್ ಹೊಸ ಅಮ್ಮ

ಈ ಮಾತು ಬಂದಿದ್ದು ಒಳ್ಳೇದಾಯಿತು. ನನ್ನ ಮಗುವಿಗೆ ಏಳು ವಾರ. ಸಂಜೆ ಆರಕ್ಕೆ ಅಳು ಶುರುವಾದರೆ ಒಂಬತ್ತಕ್ಕೆ ನಿಲ್ಲುತ್ತದೆ. ಅಮ್ಮಂದಿರ ಗುಂಪಿನಲ್ಲಿ ಒಬ್ಬರು "ಹೆರಿಗೆಯಲ್ಲಿ ತಲೆ ಒತ್ತಿದೆ, ಆರು ಸಲ ಕ್ರೇನಿಯೋ ಮಾಡಿಸಿ" ಎಂದು ಪ್ಯಾಕೇಜ್ ದರ ಕಳಿಸಿದ್ದಾರೆ. ನಿದ್ದೆ ಇಲ್ಲದೆ ನನಗೆ ಯಾರು ಏನು ಹೇಳಿದರೂ ಹೌದು ಎನಿಸುತ್ತಿದೆ.

ಪಿಂಪ್ರಿ ಫಿಸಿಯೋ

ತಂಗಿ, ಮೊದಲು ಮಕ್ಕಳ ಡಾಕ್ಟರು. ಹಾಲು ಕುಡಿಯುತ್ತಿದೆ, ತೂಕ ಏರುತ್ತಿದೆ, ಜ್ವರ ಇಲ್ಲ ಎಂದಾದರೆ ಇದು ಹೆಚ್ಚಾಗಿ ಮೂರು ನಾಲ್ಕು ತಿಂಗಳಿಗೆ ತಾನೇ ನಿಲ್ಲುವ ಅಳು. ಪ್ಯಾಕೇಜು ಮುಗಿಯುವ ಹೊತ್ತಿಗೆ ಅದೂ ನಿಂತಿರುತ್ತದೆ, ಹೆಸರು ಪ್ಯಾಕೇಜಿಗೆ ಬರುತ್ತದೆ.

ಇನ್ನೊಂದು, ಹೆದರಿಸಲು ಹೇಳುತ್ತಿಲ್ಲ. ನೆದರ್ಲ್ಯಾಂಡ್ಸಿನಲ್ಲಿ ಕ್ರೇನಿಯೋಸೇಕ್ರಲ್ ಎಂದು ಹೇಳಿಕೊಂಡವರು ಮೂರು ತಿಂಗಳ ಕೂಸಿನ ಕತ್ತು, ಬೆನ್ನು ಬಲವಾಗಿ ಬಾಗಿಸಿದ್ದರಿಂದ ಕೂಸು ತೀರಿಕೊಂಡ ಪ್ರಕರಣ ಅಲ್ಲಿನ ವೈದ್ಯ ಪತ್ರಿಕೆಯಲ್ಲಿ 2009ರಲ್ಲಿ ಬಂದಿದೆ.

ಉಡುಪಿ ಮಾಣಿ

ಅದು 5 ಗ್ರಾಂ ಕೆಲಸವೇ ಅಲ್ಲ ಸರ್. ಆದರೆ ನಿಮ್ಮ ಮಾತು ಅರ್ಥವಾಗುತ್ತದೆ. ಹೊರಗಿನಿಂದ ನೋಡುವವರಿಗೆ ಯಾರು 5 ಗ್ರಾಂನವರು, ಯಾರು ಬಾಗಿಸುವವರು ಎಂದು ತಿಳಿಯುವುದು ಹೇಗೆ? ಫಿಸಿಯೋದವರು ವರ್ಷಗಟ್ಟಲೆ ಓದಬೇಕು. ನಮ್ಮದು ನಾಲ್ಕೈದು ದಿನದ ಕೋರ್ಸು ಮಾಡಿದವರೂ ಬೋರ್ಡ್ ಹಾಕುತ್ತಾರೆ. ಸರ್ಕಾರ ಒಪ್ಪಿದ ಆಯುರ್ವೇದ, ಯೋಗದಂಥ ಪದ್ಧತಿಗಳ ಆಯುಷ್ ಪಟ್ಟಿಯಲ್ಲೂ ಇದು ಇಲ್ಲ. ನಾನಂತೂ ಕೂಸುಗಳನ್ನು ತೆಗೆದುಕೊಳ್ಳುವುದಿಲ್ಲ. ತಂಗಿ, ಆ ಪ್ಯಾಕೇಜ್ ಬಿಡಿ.

ಸುಮತಿ ಆಂಟಿ

ಏ ಹುಡುಗೀ, ನಿಮ್ಮಮ್ಮ ಹತ್ತಿರ ಇದ್ದಾರಾ? ಇಲ್ಲದಿದ್ದರೆ ನನಗೆ ಮೆಸೇಜ್ ಮಾಡು, ನಾನು ಔಂಧಿನಲ್ಲೇ ಇದ್ದೇನೆ. ಸಂಜೆ ಎರಡು ಗಂಟೆ ಕೂಸನ್ನು ನಾನು ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತೇನೆ, ನೀನು ಮಲಗು.

ಕೊತ್ರೂಡ್ ಕಮಲಿ (ಮುಂದಿನ ಶನಿವಾರ)

ಹೋಗಿ ಬಂದೆ! ಬೈಯುವವರು ಪೂರ್ತಿ ಓದಿ ಬೈಯಿರಿ.

ಹಳೇ ಬಂಗಲೆಯ ಮೊದಲ ಮಹಡಿ. ಅರವತ್ತು ದಾಟಿದ ಮರಾಠಿ ಹೆಂಗಸು, ಕಾಟನ್ ಸೀರೆ. ಗಂಟೆ, ಧೂಪ, ಕೊಳಲು ಏನೂ ಇಲ್ಲ. ಕಿಟಕಿಯ ಹೊರಗೆ ಎಸಿ ಡಬ್ಬದ ಮೇಲೆ ಪಾರಿವಾಳ. ಮೊದಲ ಅರ್ಧ ಗಂಟೆ ಬರೀ ಪ್ರಶ್ನೆ, ಉದ್ದದ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದರು. ನಿದ್ದೆ ಎಷ್ಟು, ನೀರು ಎಷ್ಟು, ಚಹಾ ಎಷ್ಟು, ಯಾವ ಕಡೆ ಮಲಗುತ್ತೀ, ರಾತ್ರಿ ಹಲ್ಲು ಕಡಿಯುತ್ತೀಯಾ.

ಆಮೇಲೆ ಮಲಗಿಸಿದರು. ಮೊದಲು ಪಾದ ಹಿಡಿದರು, ಕೈ ತಣ್ಣಗಿತ್ತು. ಆಮೇಲೆ ಟೊಂಕದ ಕೆಳಗೆ ಅಂಗೈ ಜಾರಿಸಿ ಹಾಗೇ ಬಿಟ್ಟರು. ಅವರು ಒತ್ತಲಿಲ್ಲ, ನನ್ನ ಭಾರವೇ ಅವರ ಕೈ ಮೇಲೆ. ಅಯ್ಯೋ, ಅವರ ಕೈ ನೋಯುತ್ತದಲ್ಲ ಎಂದು ನಾನು ಸ್ವಲ್ಪ ಹೊತ್ತು ಸೊಂಟ ಎತ್ತಿಯೇ ಹಿಡಿದಿದ್ದೆ. ಅದು ಅವರಿಗೆ ಗೊತ್ತಾಗಿ "ಬಿಡು" ಎಂದರು. ಕೊನೆಗೆ ತಲೆ. ಎರಡೂ ಅಂಗೈಯನ್ನು ಬಟ್ಟಲು ಮಾಡಿ ತೆಂಗಿನಕಾಯಿ ಹಿಡಿದ ಹಾಗೆ ಹಿಡಿದರು. ಬೆರಳ ತುದಿ ಕತ್ತು ತಲೆಗೆ ಸೇರುವ ಆ ಗುಳಿಯಲ್ಲಿ. ಐದು ನಿಮಿಷವೋ ಹದಿನೈದೋ ಗೊತ್ತಿಲ್ಲ. ಹೊಟ್ಟೆ ಗುಡುಗುಡು ಎಂದಿತು. ದವಡೆ ತಾನೇ ಸಡಿಲವಾಯಿತು, ಬಾಯಿಂದ ಜೊಲ್ಲು ಬಂತು, ನಾಚಿಕೆಯಾಗಲೂ ಪುರುಸೊತ್ತಿಲ್ಲದ ಹಾಗೆ ನಿದ್ದೆ ಹೋದೆ. ಮೂಳೆ ಅಲುಗಿದ್ದು ನನಗಂತೂ ಗೊತ್ತಾಗಲಿಲ್ಲ. ನೋವು ಇಳಿದಿತ್ತು. ಮರುದಿನ ಮಧ್ಯಾಹ್ನ ವಾಪಸ್ ಬಂತು.

ಆದರೆ ಹೇಳಬೇಕಾದ್ದು ಇದಲ್ಲ. ಮಲಗಿಸುವ ಮೊದಲು ಅವರು "ಮಾತ್ರೆ ಎಷ್ಟು ತಗೊಳ್ತೀ?" ಎಂದು ಕೇಳಿದರು. ಬೇಕಾದಾಗ ಎಂದೆ. "ಬೇಕಾದಾಗ ಅಂದರೆ? ನಿನ್ನೆ ತಗೊಂಡ್ಯಾ? ಮೊನ್ನೆ?" ಬೆರಳು ಮಡಚಿ ಎಣಿಸಿದರೆ ತಿಂಗಳಿಗೆ ಇಪ್ಪತ್ತು ದಿನದ ಹತ್ತಿರ ಬಂತು. ಪರ್ಸಿನಲ್ಲಿ ಒಂದು ಸ್ಟ್ರಿಪ್, ಆಫೀಸ್ ಡ್ರಾಯರಿನಲ್ಲಿ ಒಂದು, ಕಾರಲ್ಲಿ ಒಂದು. ಎಲ್ಲ ಕೆಫೀನ್ ಸೇರಿದ ಮಾತ್ರೆ. ನಾನೇ ಎಂದೂ ಒಟ್ಟು ಮಾಡಿ ನೋಡಿರಲಿಲ್ಲ. ಅವರು ಪೆನ್ನು ಕೆಳಗಿಟ್ಟು "ತಾಈ, ಮೊದಲು ನರದ ಡಾಕ್ಟರ ಹತ್ತಿರ ಹೋಗು, ಇದು ನನ್ನ ಕೈಯಲ್ಲಿ ಆಗುವುದಲ್ಲ" ಎಂದರು. (ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಇಲ್ಲಿಗೆ ಬಂದು ಹತ್ತು ವರ್ಷವಾದರೂ ನನ್ನ ಕಿವಿಗೆ ಅದು ತಾಯಿ ಎಂದೇ ಕೇಳಿಸುತ್ತದೆ.)

ಪಿಂಪ್ರಿ ಫಿಸಿಯೋ

ಆ ಹೆಂಗಸಿಗೆ ನನ್ನ ನಮಸ್ಕಾರ ಹೇಳಿ.

ನೋವಿನ ಮಾತ್ರೆಯೇ ನೋವು ತರುವುದು ಇದೆ ಮೇಡಂ. ಬರೀ ಪ್ಯಾರಾಸಿಟಮಾಲ್ ಥರದ್ದಾದರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಸೇರಿದ ಮಾತ್ರೆಯಾದರೆ 10 ದಿನ. ಅಷ್ಟು ಅಥವಾ ಅದಕ್ಕೂ ಜಾಸ್ತಿ, ಮೂರು ತಿಂಗಳು ಮೀರಿ ತೆಗೆದುಕೊಂಡರೆ ಡಾಕ್ಟರು ಈ ಅನುಮಾನ ಪಡುತ್ತಾರೆ. ನಿಲ್ಲಿಸಿದಾಗ ಮೊದಲ ಕೆಲವು ದಿನ ನೋವು ಇನ್ನೂ ಏರುತ್ತದೆ. ಅದಕ್ಕೇ ಡಾಕ್ಟರ ಜೊತೆಗೇ ನಿಲ್ಲಿಸಿ.

ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಿಗಿತ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಪೆಟ್ಟು ಬಿದ್ದ ಮೇಲೆ ಬಂದ ನೋವು: ಇವಕ್ಕೆ ಕ್ರೇನಿಯೋವೂ ಬೇಡ, ಎಣ್ಣೆಯೂ ಬೇಡ, ನಾನೂ ಬೇಡ. ಸೀದಾ ಆಸ್ಪತ್ರೆ.

ಸ್ವಾರಗೇಟ್ ಸೀನ

ಅಂದರೆ ಐದು ನಿಮಿಷದ ಡಾಕ್ಟರು ಕೇಳದ್ದನ್ನು ಎರಡೂವರೆ ಸಾವಿರದ ಅಜ್ಜಿ ಕೇಳಿದರು. ನನ್ನ ಮೊದಲ ಕಾಮೆಂಟ್ ಅರ್ಧ ವಾಪಸ್ ತಗೋತೀನಿ. ಅರ್ಧ ಮಾತ್ರ.

ವಾಕಡ್ ಹೊಸ ಅಮ್ಮ

ಸುಮತಿ ಆಂಟಿ ನಾಲ್ಕು ದಿನದಿಂದ ಬರುತ್ತಿದ್ದಾರೆ. ಮಗು ಅಳುವುದು ನಿಂತಿಲ್ಲ. ನಾನು ಅಳುವುದು ನಿಂತಿದೆ.

ಕೊತ್ರೂಡ್ ಕಮಲಿ (ಆರು ವಾರದ ನಂತರ)

ಕೇಳಿದವರಿಗೆಲ್ಲ ಇಲ್ಲೇ ಹೇಳಿಬಿಡುತ್ತೇನೆ. ನರದ ಡಾಕ್ಟರು ನೋಡಿದರು, ಫಿಸಿಯೋ ಸರ್ ಹೇಳಿದ್ದೇ ಹೇಳಿದರು. ಮಾತ್ರೆ ನಿಲ್ಲಿಸಿದ ಮೊದಲ ವಾರ ನರಕ. ಎರಡು ದಿನ ರಜೆ ಹಾಕಿ ಪರದೆ ಎಳೆದು ಮಲಗಿದ್ದೆ. ಈಗ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಕಳೆದ ಮೂವತ್ತು ದಿನದಲ್ಲಿ ಮಾತ್ರೆ ತೆಗೆದುಕೊಂಡದ್ದು ನಾಲ್ಕು ದಿನ. ಕೋರೆಗಾಂವ್ ಪಾರ್ಕಿಗೆ ಇನ್ನೊಮ್ಮೆ ಹೋಗಿದ್ದೆ, ಔಷಧಿಯೆಂದು ಅಲ್ಲ, ಆ ಒಂದು ಗಂಟೆಗೆ. ಪ್ರತಿ ತಿಂಗಳು ಹೋಗುವಷ್ಟು ದುಡ್ಡಿಲ್ಲ.

ಅದಕ್ಕೆ ಯಜಮಾನರನ್ನೇ ಕೂರಿಸಿ, ಎರಡೂ ಅಂಗೈ ಬಟ್ಟಲು ಮಾಡಿಸಿ, ತಲೆ ಇಟ್ಟೆ. ಚೆನ್ನಾಗೇ ಹಿಡಿದರು. ಆದರೆ ಎದುರಿಗೆ ಟಿವಿಯಲ್ಲಿ ಮ್ಯಾಚ್. ಒಂದೊಂದು ವಿಕೆಟ್ ಬಿದ್ದಾಗಲೂ 5 ಗ್ರಾಂ ಹೋಗಿ 5 ಕೆಜಿ ಆಗುತ್ತಿತ್ತು.

ಸ್ವಾರಗೇಟ್ ಸೀನ

ಐನೂರು ಕೊಟ್ಟಿರಾ ಅಕ್ಕಾ?

ಕೊತ್ರೂಡ್ ಕಮಲಿ

ಚಹಾ ಕೊಟ್ಟೆ. ಅದಕ್ಕೂ ಸಕ್ಕರೆ ಕಡಿಮೆ ಅಂದರು.